ಬೀಳದಿರಲು ಒಂದು ನಿಧಾನದ ಪಾಠ

ಬಚ್ಚಲುಮನೆಯಲ್ಲಿ ಒಮ್ಮೆ ಕಾಲು ಜಾರಿದರೆ ಸಾಕು, ಅಂದಿನಿಂದ ಮನೆಯ ಹಿರಿಯರಿಗೆ ಸಿಗುವ ಸಲಹೆ ಒಂದೇ: 'ಅಮ್ಮಾ, ನೀನು ಸುಮ್ಮನೆ ಕೂತ್ಕೋ, ನಾವೆಲ್ಲ ಇಲ್ವಾ?' ಈ ಮಾತಿನ ಹಿಂದೆ ಇರುವುದು ಪ್ರೀತಿಯೇ. ಆದರೆ ಮುಪ್ಪಿನಲ್ಲಿ ಇಷ್ಟು ಹಾನಿ ಮಾಡುವ ಪ್ರೀತಿ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಕೂತೇ ಇದ್ದವರ ತೊಡೆಯ ಸ್ನಾಯುಗಳು ಕೆಲವೇ ವಾರಗಳಲ್ಲಿ ಸೊರಗುತ್ತವೆ. ಬೀಳುವ ಭಯದಿಂದ ನಡಿಗೆ ಕಡಿಮೆಯಾಗುತ್ತದೆ, ನಡಿಗೆ ಕಡಿಮೆಯಾದಂತೆ ಬೀಳುವ ಸಂಭವ ಹೆಚ್ಚುತ್ತದೆ. ಕೊನೆಗೆ ಸೊಂಟದ ಕೀಲಿನ ಬಳಿ ಮೂಳೆ ಮುರಿದರೆ, ಶಸ್ತ್ರಚಿಕಿತ್ಸೆ ಯಶಸ್ವಿಯಾದರೂ ಎಷ್ಟೋ ಮಂದಿ ಮೊದಲಿನಂತೆ ಸ್ವತಂತ್ರವಾಗಿ ಓಡಾಡುವುದಿಲ್ಲ.

ತಂದೆತಾಯಿಯರ ಸಕ್ಕರೆ ಎಷ್ಟು, ರಕ್ತದೊತ್ತಡ ಎಷ್ಟು ಎಂದು ನಾವು ತಪ್ಪದೆ ವಿಚಾರಿಸುತ್ತೇವೆ. ಹಿಡಿದುಕೊಳ್ಳದೆ ಒಂಟಿ ಕಾಲಿನ ಮೇಲೆ ಎಷ್ಟು ಹೊತ್ತು ನಿಲ್ಲಬಲ್ಲಿರಿ ಎಂದು ಮಾತ್ರ ಯಾರೂ ಕೇಳುವುದಿಲ್ಲ. ದೇಹದ ಸಮತೋಲನವೂ ಅಭ್ಯಾಸದಿಂದ ಉಳಿಯುವ, ಅಭ್ಯಾಸ ತಪ್ಪಿದರೆ ಕಳೆದುಹೋಗುವ ಶಕ್ತಿ. ಈ ಶಕ್ತಿಯನ್ನು ಮರಳಿ ಗಳಿಸಲು ಇರುವ ದಾರಿಗಳಲ್ಲಿ ಒಂದು, ಚೀನಾದ 'ತಾಯ್ ಚಿ'.

ಇದು ಮೂಲತಃ ಯುದ್ಧಕಲೆ. 17ನೇ ಶತಮಾನದಲ್ಲಿ ಹೆನಾನ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ, ಚೆನ್ ಮನೆತನದವರ ನಡುವೆ ಬೆಳೆದ ವಿದ್ಯೆ. ಮುಂದೆ ಯಾಂಗ್, ಸುನ್ ಮೊದಲಾದ ಶೈಲಿಗಳು ಹುಟ್ಟಿದವು. 1956ರಲ್ಲಿ ಚೀನಾದ ಕ್ರೀಡಾ ಆಯೋಗವು ಜನಸಾಮಾನ್ಯರಿಗಾಗಿ ಇದನ್ನು 24 ಚಲನೆಗಳಿಗೆ ಇಳಿಸಿ ಸರಳಗೊಳಿಸಿತು. 2020ರಲ್ಲಿ ಯುನೆಸ್ಕೋ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಇದನ್ನು ಸೇರಿಸಿತು. ಮಕ್ಕಳ ಮನೆಗೆಂದು ಸಿಂಗಪುರ, ಅಮೆರಿಕ, ಆಸ್ಟ್ರೇಲಿಯಗಳಿಗೆ ಹೋಗಿ ಬರುವ ನಮ್ಮ ಹಿರಿಯರಲ್ಲಿ ಅನೇಕರು ಉದ್ಯಾನಗಳಲ್ಲಿ ಬೆಳಗಿನ ಹೊತ್ತು ಇದನ್ನು ನೋಡಿಯೇ ಇರುತ್ತಾರೆ. ನೋಡಿ ಬರುವ ಬದಲು ಸೇರಿ ಕಲಿತು ಬರಬಾರದೇಕೆ?

ತಾಯ್ ಚಿಯ ಗುಟ್ಟು ಅದರ ನಿಧಾನದಲ್ಲಿದೆ. ಒಂದು ಕೊಡದಿಂದ ಮತ್ತೊಂದು ಕೊಡಕ್ಕೆ ನೀರು ಸುರಿಯುವಂತೆ ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಮೆಲ್ಲಗೆ ವರ್ಗಾಯಿಸಬೇಕು. ಒಂದು ಕಾಲು 'ತುಂಬಿದ' ಮೇಲೆಯೇ 'ಖಾಲಿ'ಯಾದ ಕಾಲನ್ನು ಎತ್ತುವುದು. ನಾವು ಎಡವಿದಾಗ ಕೈಕೊಡುವುದು ಈ ಕೌಶಲವೇ. ಕಣ್ಣು, ಒಳಕಿವಿ, ಪಾದದ ಸ್ಪರ್ಶ ಈ ಮೂರೂ ಮಿದುಳಿಗೆ ಕಳಿಸುವ ಸುದ್ದಿಯನ್ನು ಒಟ್ಟುಗೂಡಿಸಿಕೊಳ್ಳಲು ನಿಧಾನಗತಿಯ ಅಭ್ಯಾಸ ನೆರವಾಗುತ್ತದೆ. ಜೊತೆಗೆ, ಮೊಣಕಾಲು ತುಸು ಬಗ್ಗಿಸಿಯೇ ಇರುವುದರಿಂದ ತೊಡೆಗೆ ಬಲ ಬರುತ್ತದೆ.

ಇದಕ್ಕೆ ಆಧಾರವೂ ಇದೆ. 1996ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ 70 ದಾಟಿದ 200 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ, 15 ವಾರಗಳ ತಾಯ್ ಚಿ ಕಲಿತವರಲ್ಲಿ ಪದೇ ಪದೇ ಬೀಳುವ ಅಪಾಯ ಸುಮಾರು ಅರ್ಧದಷ್ಟು ತಗ್ಗಿತು. 2019ರಲ್ಲಿ ಕಾಕ್ರೇನ್ ಸಂಸ್ಥೆ ಅನೇಕ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಸಿಕ್ಕ ಅಂಕಿ ಇಷ್ಟು ದೊಡ್ಡದಲ್ಲ: ಬೀಳುವುದು ಶೇಕಡಾ 19ರಷ್ಟು ಕಡಿಮೆಯಾಗಬಹುದು ಎಂದಷ್ಟೇ ಅದು ಹೇಳಿತು. ಮೊಣಕಾಲು ಸವೆತದ 204 ರೋಗಿಗಳ ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 12 ವಾರಗಳ ತಾಯ್ ಚಿಯಿಂದ ಸಿಕ್ಕ ನೋವಿನ ಉಪಶಮನ ಫಿಸಿಯೋಥೆರಪಿಯಿಂದ ಸಿಕ್ಕಷ್ಟೇ ಇತ್ತು. ಪವಾಡವೇನಲ್ಲ, ಆದರೆ ಕಡೆಗಣಿಸುವಂಥದ್ದೂ ಅಲ್ಲ.

'ನಮ್ಮ ಯೋಗ ಇರುವಾಗ ಚೀನಾದ ವಿದ್ಯೆ ಏಕೆ?' ಎಂದು ಕೇಳುವವರಿದ್ದಾರೆ. ಯೋಗ ಮಾಡುತ್ತಿರುವವರು ಅದನ್ನು ಬಿಡಬೇಕಾಗಿಲ್ಲ. ವೃಕ್ಷಾಸನವೂ ಸಮತೋಲನದ ಪಾಠವೇ. ಆದರೆ ನೆಲದ ಮೇಲೆ ಕೂರಲಾಗದ, ಕೂತರೆ ಏಳಲಾಗದ ಹಿರಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ತಾಯ್ ಚಿ ನಿಂತೇ ಮಾಡುವಂಥದ್ದು. ಚಾಪೆ ಬೇಡ, ಸಲಕರಣೆ ಬೇಡ. 'ದಿನವೂ ವಾಕಿಂಗ್ ಹೋಗುತ್ತೇನಲ್ಲ' ಎನ್ನುವವರಿಗೂ ಒಂದು ಮಾತು. ನಡಿಗೆ ಹೃದಯಕ್ಕೆ ಒಳ್ಳೆಯದು, ಬಿಡಬೇಡಿ. ಆದರೆ ಬೀಳದಂತೆ ತಡೆಯಲು ಅದೊಂದೇ ಸಾಲದು. ಹಿರಿಯರು ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲ ಹೆಚ್ಚಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ.

ಸೇರುವುದಾದರೆ ಆರಂಭಿಕರ ತರಗತಿಗೇ ಸೇರಿ. ಮೊದಲ ದಿನ ಕೀಲುಗಳನ್ನು ಸಡಿಲಿಸಿ, ಒಂದೆರಡು ಚಲನೆ ಕಲಿಸಿದರೆ ಸಾಕು. 'ಮೋಡದಂತೆ ಕೈ ಆಡಿಸುವುದು', 'ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚುವುದು' ಇಂಥ ಹೆಸರುಗಳೇ ಮನಸ್ಸಿಗೆ ಹಿತ. ಎಡ ಬಲ ಮರೆತು ತಬ್ಬಿಬ್ಬಾಗುವುದು ಸಹಜ, ನಾಚಿಕೆ ಬೇಡ. ಸಡಿಲ ಉಡುಪು, ಜಾರದ ಚಪ್ಪಟೆ ತಳದ ಬೂಟು ಇರಲಿ; ಸೀರೆ ಉಡುವವರು ನೆರಿಗೆ ಕಾಲಿಗೆ ಸಿಗದಂತೆ ಎತ್ತಿ ಕಟ್ಟಲಿ. ಮೊಣಕಾಲು ಕಾಲ್ಬೆರಳುಗಳನ್ನು ದಾಟಿ ಮುಂದೆ ಬಾಗಬಾರದು, ಒಳಕ್ಕೂ ವಾಲಬಾರದು. ನಿಮ್ಮ ಕಾಯಿಲೆಗಳನ್ನು ಮೊದಲೇ ವಿಚಾರಿಸುವ, ಬೇಕಾದರೆ ಕುರ್ಚಿ ಹಿಡಿದು ಮಾಡಲು ಬಿಡುವ ಶಿಕ್ಷಕರು ಒಳ್ಳೆಯವರು. ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ಮಾತ್ರೆ ನಿಲ್ಲಿಸಿ ಎನ್ನುವವರಿಂದ ದೂರವಿರಿ. ಎದ್ದು ನಿಂತಾಗ ತಲೆ ಸುತ್ತುವವರು, ಇತ್ತೀಚೆಗೆ ಬಿದ್ದವರು, ಶಸ್ತ್ರಚಿಕಿತ್ಸೆಯಾದವರು ಮೊದಲು ವೈದ್ಯರನ್ನು ಕಾಣಬೇಕು.

ಹತ್ತಿರದಲ್ಲಿ ತರಗತಿ ಇಲ್ಲವೆಂದು ಕೈಚೆಲ್ಲಬೇಡಿ. ಅಡುಗೆಮನೆಯ ಕಟ್ಟೆ ಹಿಡಿದು, ಪಕ್ಕದಲ್ಲಿ ಒಬ್ಬರನ್ನು ಇರಿಸಿಕೊಂಡು, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ವರ್ಗಾಯಿಸಿ. ಗೋಡೆ ಪಕ್ಕ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಿರಿ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳಲು ಯತ್ನಿಸಿ.

ಫಲ ಕಾಣಲು ಎರಡು ಮೂರು ತಿಂಗಳಾದರೂ ಬೇಕು. ಅಷ್ಟು ದಿನ ಬಿಡದೆ ಹೋಗಬೇಕಾದರೆ ಜೊತೆ ಬೇಕು. ಆದ್ದರಿಂದ ಕೊನೆಯ ಮಾತು ಮಕ್ಕಳಿಗೆ. ಅಮ್ಮ ಎದ್ದು ನಿಂತಾಗ 'ಕೂತ್ಕೋ' ಎನ್ನುವುದು ಸುಲಭ. 'ಬಾ, ನಾನೂ ಬರುತ್ತೇನೆ' ಎಂದು ಮೊದಲ ತರಗತಿಗೆ ಕರೆದೊಯ್ಯಿರಿ. ನಡುವಯಸ್ಸು ದಾಟುತ್ತಿರುವ ನಿಮಗೂ ಆ ಪಾಠ ಬೇಕಾಗಿದೆ.