ಹೆಸರು ಉಳಿದರೆ ಊರು ಉಳಿದೀತೇ?

ನಮ್ಮ ನಾಡಿನ ಯಾವುದಾದರೂ ಬೆಳೆಗೋ ನೇಯ್ಗೆಗೋ ಭೌಗೋಳಿಕ ಸೂಚಕದ ಮಾನ್ಯತೆ ದೊರೆತ ಕೂಡಲೇ ಸಂಭ್ರಮಿಸುವವರು ಫ್ರಾನ್ಸಿನ ಕಡೆಗೆ ಬೆರಳು ತೋರುತ್ತಾರೆ. ಅಲ್ಲಿನ ಹಳ್ಳಿಗಳು ತಮ್ಮ ಹೆಸರನ್ನೇ ಕಾನೂನಿನ ಸೊತ್ತಾಗಿಸಿಕೊಂಡು ಉದ್ಧಾರವಾದವು, ನಮಗೂ ಅದೇ ದಾರಿ ಎಂಬುದು ಅವರ ವಾದ. ಇದಕ್ಕೆ ಒದಗಿಬರುವ ಉದಾಹರಣೆ ರೊಕ್‌ಫೋರ್ ಎಂಬ ಪುಟ್ಟ ಊರು. ಈ ಉದಾಹರಣೆ ಕೊಡುವವರು ಆ ಊರಿನ ಚರಿತ್ರೆಯ ಅರ್ಧವನ್ನಷ್ಟೇ ಓದಿದ್ದಾರೆ ಎಂಬುದು ನನ್ನ ಆಕ್ಷೇಪ.

ದಕ್ಷಿಣ ಫ್ರಾನ್ಸಿನ ಅವೆರೊನ್ ಪ್ರಾಂತದಲ್ಲಿ, ಲಾರ್ಜಾಕ್ ಎಂಬ ಸುಣ್ಣಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿ, ಕೊಂಬಲು ಬೆಟ್ಟಕ್ಕೆ ಆತುಕೊಂಡು ಈ ಊರಿದೆ. ಎಷ್ಟೋ ಕಾಲದ ಹಿಂದೆ ಬೆಟ್ಟದ ಒಂದು ಪಾರ್ಶ್ವ ಕುಸಿದು ಬಂಡೆಗಳ ರಾಶಿಯಾಯಿತು. ಬಂಡೆಗಳ ನಡುವಿನ ಸೀಳುಗಳಿಂದ ತಂಪಾದ, ತೇವಭರಿತ ಗಾಳಿ ವರ್ಷವಿಡೀ ಗುಹೆಗಳೊಳಗೆ ಸುಳಿಯುತ್ತದೆ. ಊರಿನವರು ಈ ಸೀಳುಗಳನ್ನು ಫ್ಲೂರಿನ್ ಎನ್ನುತ್ತಾರೆ. ಸುತ್ತಲಿನ ನೆಲ ಧಾನ್ಯಕ್ಕೆ ಒಗ್ಗದು, ಕುರಿಗೆ ಒಗ್ಗುತ್ತದೆ. ಲಕೋನ್ ತಳಿಯ ಕುರಿಯ ಕಾಯಿಸದ ಹಾಲಿನಿಂದ ಮಾಡಿದ ಚೀಸ್ ಈ ಗಾಳಿಯಲ್ಲಿ ಕನಿಷ್ಠ 14 ದಿನ ಇದ್ದು, ಒಟ್ಟು 90 ದಿನವಾದರೂ ಮಾಗಬೇಕು. ಆಗ ಅದರ ಮೈಯೊಳಗೆ ನೀಲಿ ಬೂಷ್ಟಿನ ಗೆರೆಗಳು ಮೂಡುತ್ತವೆ. ಈ ಗುಣವುಳ್ಳ ನೆಲ ಸುಮಾರು 2 ಕಿಲೋಮೀಟರ್ ಉದ್ದ, 300 ಮೀಟರ್ ಅಗಲದ ಒಂದು ಪಟ್ಟಿ, ಅಷ್ಟೆ. ಹುಡುಗಿಯೊಬ್ಬಳ ಬೆನ್ನುಹತ್ತಿ ಬುತ್ತಿಯನ್ನು ಗುಹೆಯಲ್ಲಿ ಮರೆತ ಕುರುಬನ ಕತೆಯನ್ನು ಪ್ರವಾಸಿಗರಿಗೆ ಹೇಳುವುದುಂಟು. ಗುಹೆಯ ಚಳಿಯಲ್ಲಿ ತಲೆಮಾರುಗಟ್ಟಲೆ ಚೀಸ್ ಕೆರೆದು ಮಗುಚಿದ ಕಬಾನಿಯೇರ್ ಹೆಂಗಸರಿಗೆ ಆ ಕತೆಯಲ್ಲಿ ಜಾಗವಿಲ್ಲ.

ಕಾನೂನಿನ ರಕ್ಷಣೆ ಈ ಊರಿಗೆ ಹೊಸತೇನಲ್ಲ. ಆರನೆಯ ಚಾರ್ಲ್ಸ್ ದೊರೆ ಕೊಟ್ಟ ಸನ್ನದನ್ನು 1411ರದೆಂದು ಹೇಳುತ್ತಾರೆ. 1666ರಲ್ಲಿ ತುಲೂಸ್ ನ್ಯಾಯಪೀಠ ನಕಲಿ ಮಾರಾಟಗಾರರಿಗೆ ದಂಡ ವಿಧಿಸಿತು. 1925ರ ಜುಲೈ 26ರ ಕಾಯಿದೆ ರೊಕ್‌ಫೋರ್ ಎಂಬ ಹೆಸರನ್ನು ಭದ್ರಪಡಿಸಿತು. ಐದು ಶತಮಾನಗಳ ರಕ್ಷೆ! ಫಲವೇನು? ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಸಾವಿರವನ್ನು ಮೀರಿದ್ದ ಊರಿನ ಜನಸಂಖ್ಯೆ ಈಗ ಆರುನೂರನ್ನೂ ಮುಟ್ಟುವುದಿಲ್ಲ. 1842ರಲ್ಲಿ ವರ್ತಕರು ಕೂಡಿ ಕಟ್ಟಿದ 'ಸೊಸಿಯೆತೆ' ಸಂಸ್ಥೆ 1990ರ ದಶಕದ ಆದಿಯಲ್ಲಿ ಬೆಸ್ನಿಯೆ ಸಮೂಹದ ಕೈಸೇರಿತು. ಆ ಸಮೂಹವೇ ಇಂದಿನ ಲಕ್ತಾಲಿಸ್, ಜಗತ್ತಿನ ಹಾಲಿನ ವ್ಯಾಪಾರದ ದೈತ್ಯ. ಬೆರಳೆಣಿಕೆಯ ತಯಾರಕರ ಪೈಕಿ ಅರ್ಧಕ್ಕಿಂತ ಹೆಚ್ಚು ಉತ್ಪಾದನೆ ಈ ಒಂದೇ ಮನೆಯದು.

2019ರಲ್ಲಿ ಇದೇ ಸಂಸ್ಥೆ ತನ್ನ 'ಸೊಸಿಯೆತೆ' ಮುದ್ರೆಯಡಿಯಲ್ಲೇ ಪಾಶ್ಚರೀಕರಿಸಿದ ಕುರಿಹಾಲಿನ ಇನ್ನೊಂದು ನೀಲಿ ಚೀಸನ್ನು ಮಾರುಕಟ್ಟೆಗೆ ಬಿಟ್ಟಿತು. ಅದಕ್ಕೆ ಕೊಂಬಲುವಿನ ಗಾಳಿ ಬೇಕಿಲ್ಲ, ಗುಹೆಯೂ ಬೇಕಿಲ್ಲ. ಹೊದಿಕೆಯ ಮೇಲೆ ರೊಕ್‌ಫೋರ್ ಎಂಬ ಪದವಿಲ್ಲವಾದ್ದರಿಂದ ಆ ಹೆಸರಿನ ಕಾಯಿದೆ ಅದನ್ನು ತಡೆಯಲಾರದು. ಊರಿನ ಕೀರ್ತಿಯಿಂದ ಬೆಳೆದ ಮುದ್ರೆ, ಊರನ್ನು ಹೊರಗಿಟ್ಟೇ ವ್ಯಾಪಾರ ಮಾಡಬಲ್ಲದು. ಮಾನ್ಯತಾಪತ್ರಗಳ ಆರಾಧಕರು ಇದಕ್ಕೆ ಏನೆನ್ನುತ್ತಾರೆ?

ಕಾಯಿದೆ ಇಲ್ಲದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ ಎನ್ನಬಹುದು. ಒಪ್ಪೋಣ. ಹಾಲು ಆ ಸೀಮೆಯದೇ ಆಗಿರಬೇಕೆಂಬ ಕಟ್ಟಳೆಯಿಂದ ಕುರಿಗಾರರಿಗೆ ಒಂದು ಆಧಾರ ಸಿಕ್ಕಿದೆ, ನಿಜ. ಆದರೆ ಆ ಆಧಾರವನ್ನು ಬಲವಾಗಿ ಮಾರ್ಪಡಿಸಿದ್ದು ಅವರ ಸಂಘಟನೆ. 1930ರಲ್ಲಿ ಹುಟ್ಟಿದ ಒಕ್ಕೂಟದಲ್ಲಿ ಹಾಲು ಕೊಡುವವರೂ ಚೀಸ್ ಮಾಡುವವರೂ ಎದುರುಬದುರು ಕೂತರು. 1971ರಲ್ಲಿ ಸರಕಾರ ಲಾರ್ಜಾಕ್‌ನ ಸೈನಿಕ ಶಿಬಿರವನ್ನು ಸುಮಾರು 3,000 ಹೆಕ್ಟೇರಿನಿಂದ 17,000ಕ್ಕೆ ಹಿಗ್ಗಿಸಹೊರಟಾಗ, ನೆಲ ಬಿಡೆವೆಂದು 103 ರೈತರು ಪಣತೊಟ್ಟರು. 1972ರಲ್ಲಿ ಐಫೆಲ್ ಗೋಪುರದ ಬುಡದಲ್ಲಿ ಕುರಿ ಮೇಯಿಸಿದರು. ಹತ್ತು ವರ್ಷಗಳ ಹೋರಾಟದ ನಂತರ, 1981ರಲ್ಲಿ ಮಿತ್ತೆರಾನ್ ಆ ಯೋಜನೆಯನ್ನು ಕೈಬಿಟ್ಟರು. ರೊಕ್‌ಫೋರ್‌ಗೆ ಹಾಲು ಕೊಡುವ ಹುಲ್ಲುಗಾವಲು ಉಳಿದದ್ದು ಹೀಗೆ. 1925ರ ಕಾಯಿದೆಯಲ್ಲಿ ಹುಲ್ಲುಗಾವಲನ್ನು ಸೇನೆಯಿಂದ ಕಾಯುವ ಕಲಮು ಇರಲಿಲ್ಲ.

ಹಾರ್ಮೋನು ಕೊಟ್ಟು ಬೆಳೆಸಿದ ಗೋಮಾಂಸವನ್ನು ಯೂರೋಪು ಒಲ್ಲೆನೆಂದದ್ದಕ್ಕೆ 1999ರಲ್ಲಿ ಅಮೆರಿಕ ರೊಕ್‌ಫೋರ್ ಮೇಲೆ ಶೇಕಡಾ 100 ಸುಂಕ ಹೇರಿತು. ಆಗಸ್ಟ್ 12ರಂದು ಮಿಯೊ ಪಟ್ಟಣದಲ್ಲಿ ಕಟ್ಟುತ್ತಿದ್ದ ಮ್ಯಾಕ್‌ಡೊನಾಲ್ಡ್ಸ್ ಉಪಾಹಾರಗೃಹವನ್ನು ಕುರಿಗಾರರು ಬಿಚ್ಚಿಹಾಕಿದರು. ಮುಂದಾಳು ಜೋಸೆ ಬೊವೆ, ಲಾರ್ಜಾಕ್ ಹೋರಾಟದಲ್ಲಿ ಪಳಗಿದವರು. ಕನ್ನಡ ಓದುಗರು ಇನ್ನೊಂದನ್ನೂ ನೆನೆಯಬೇಕು. ಅದೇ ಜೂನ್ ತಿಂಗಳಲ್ಲಿ ಮಾಂಪೆಲ್ಯೆಯ ಸಂಶೋಧನಾಲಯವೊಂದರಲ್ಲಿ ಕುಲಾಂತರಿ ಭತ್ತದ ಸಸಿಗಳನ್ನು ನಾಶಪಡಿಸಿದಾಗ ಬೊವೆ ಜೊತೆಗೆ ಭಾರತದ ರೈತರೂ ಇದ್ದರು. ಆ ರೈತರನ್ನು ಯೂರೋಪಿಗೆ ಕರೆತಂದ ಜಾಥಾದಲ್ಲಿ ಕರ್ನಾಟಕ ರಾಜ್ಯ ರೈತ ಸಂಘದವರೂ ಇದ್ದರು. ಫ್ರಾನ್ಸಿನಿಂದ ಮಾದರಿ ತರಹೊರಟವರಿಗೆ ಈ ಭಾಗ ಏಕೋ ಕಾಣುವುದಿಲ್ಲ.

ನಮ್ಮ ಸಂಸತ್ತು ಭೌಗೋಳಿಕ ಸೂಚಕಗಳ ಕಾಯಿದೆಯನ್ನು ಅಂಗೀಕರಿಸಿದ್ದೂ 1999ರಲ್ಲೇ. ಅದರಲ್ಲಿ ನೋಂದಾಯಿತ ಒಡೆಯ ಬೇರೆ, ಅಧಿಕೃತ ಬಳಕೆದಾರ ಬೇರೆ. ಮೈಸೂರು ರೇಷ್ಮೆಯ ಹೆಸರು ರೇಷ್ಮೆ ನಿಗಮದ ಒಡೆತನದಲ್ಲಿದೆ. ಗೂಡು ಬೆಳೆಯುವವನ ಒಡೆತನದಲ್ಲಿಲ್ಲ. ನಂಜನಗೂಡು ರಸಬಾಳೆಗೆ ಮಾನ್ಯತೆಯೇನೋ ಸಿಕ್ಕಿದೆ, ಆದರೆ ಸೊರಗುರೋಗಕ್ಕೆ ಸಿಕ್ಕಿ ಅದರ ತೋಟಗಳು ವಿರಳವಾಗಿವೆ. ಮುಂದಿನ ಮಾನ್ಯತೆಯ ಸಮಾರಂಭದಲ್ಲಿ ಶಾಲು ಹೊದಿಸುವ ಮುನ್ನ, ಬಳಕೆದಾರರ ಪಟ್ಟಿಯಲ್ಲಿ ಎಷ್ಟು ಮಂದಿ ಬೆಳೆಗಾರರ ಹೆಸರಿದೆಯೆಂದು ಯಾರಾದರೂ ಎದ್ದುನಿಂತು ಕೇಳಲಿ.