ಎದುರು ಬೀದಿಯ ಶಾಲೆ ಯಾರಿಗೆ?

ಬಡವರಿಗೂ ಶಾಲೆ ಆರಿಸಿಕೊಳ್ಳುವ ಅವಕಾಶ ಕೊಟ್ಟುಬಿಟ್ಟರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ ಎನ್ನುವವರು ಒಂದು ಬೆಳಿಗ್ಗೆ ನಾಡಕಚೇರಿಯ ಸಾಲಿನಲ್ಲಿ ನಿಂತು ಬರಬೇಕು. ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಖಾಸಗಿ ಶಾಲೆಯ ಸೀಟಿಗೆ ಹಾಕುವ ಅರ್ಜಿಗೆ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು, ಆಧಾರ್ ಬೇಕು, ವಿಳಾಸ ಶಾಲೆಯ ವಾರ್ಡಿಗೇ ಸೇರಿರಬೇಕು. ಮೇಲಿಂದ ಮೇಲೆ ಬಾಡಿಗೆ ಮನೆ ಬದಲಿಸುವ ಗಾರ್ಮೆಂಟ್ಸ್ ಹೆಣ್ಣುಮಗಳ ಆಧಾರ್ ಇನ್ನೂ ಊರಿನ ವಿಳಾಸದಲ್ಲೇ ಇರುತ್ತದೆ. ಅದನ್ನು ತಿದ್ದಿಸಲು ರಜೆ ಹಾಕಿದರೆ ಸಂಬಳ ಕಟ್. ಅಷ್ಟೆಲ್ಲ ಆಗಿ, ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿದ ಮೇಲೆ ಲಾಟರಿ. ಮನೆಯೆದುರಿನ ರಸ್ತೆಯೇ ವಾರ್ಡಿನ ಗಡಿಯಾದರೆ ಕಣ್ಣಿಗೆ ಕಾಣುವ ಶಾಲೆಯೂ ದೂರದ್ದೇ.

ಆದರೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಕಲಮು ಸಣ್ಣ ಮಾತಲ್ಲ. ಅನುದಾನರಹಿತ ಖಾಸಗಿ ಶಾಲೆ ಶೇ. 25 ಸೀಟನ್ನು ದುರ್ಬಲ ವರ್ಗದ ಮಕ್ಕಳಿಗೆ ಬಿಟ್ಟುಕೊಡಬೇಕು, ಸರ್ಕಾರ ಶುಲ್ಕ ಮರುಪಾವತಿಸಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳನ್ನು ಮಾತ್ರ ಹೊರಗಿಟ್ಟಿತು. (ಆಮೇಲೆ ಎಷ್ಟು ಆಡಳಿತ ಮಂಡಳಿಗಳಿಗೆ ತಾವು ಅಲ್ಪಸಂಖ್ಯಾತರೆಂದು ನೆನಪಾಯಿತೋ!)

2019-20ರ ದಾಖಲಾತಿಗೆ ಮುನ್ನ ಕರ್ನಾಟಕ ನಿಯಮವನ್ನೇ ತಿದ್ದಿತು: ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿಯಲ್ಲಿ ಆರ್‌ಟಿಇ ಸೀಟಿಲ್ಲ. ಲಕ್ಷ ಮೀರಿದ್ದ ಸೀಟುಗಳು ಕೆಲವೇ ಸಾವಿರಕ್ಕೆ ಇಳಿದವು. ಸರ್ಕಾರಿ ಶಾಲೆ ಖಾಲಿಯಾಗುತ್ತಿರುವಾಗ ಖಾಸಗಿಯವರಿಗೆ ದುಡ್ಡು ಸುರಿಯುವುದೇಕೆ ಎಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಸೀಟು ಹೋಯಿತೆಂದು ಅಪ್ಪ-ಅಮ್ಮಂದಿರ ಇಂಗ್ಲಿಷ್ ಮೀಡಿಯಂ ಆಸೆ ಹೋಗುವುದಿಲ್ಲ. ಸಂಘದಲ್ಲಿ ಸಾಲ ಎತ್ತಿಯಾದರೂ ಗಲ್ಲಿಯ ಕಾನ್ವೆಂಟಿಗೆ ಫೀಸು ಕಟ್ಟುತ್ತಾರೆ. ಖಜಾನೆಗೆ ಉಳಿದದ್ದು ಕೂಲಿಯವರ ಜೇಬಿನಿಂದ ಹೋಯಿತು, ಅಷ್ಟೇ. ಸರ್ಕಾರಿ ಶಾಲೆ ಉಳಿಸುವ ಭಾರವನ್ನು ಬಡವರ ಮಕ್ಕಳ ಮೇಲೆ ಮಾತ್ರ ಹೊರಿಸಿದ ಈ ತಿದ್ದುಪಡಿ ನ್ಯಾಯವಲ್ಲ. ಅದನ್ನು ಬರೆದ ಅಧಿಕಾರಿಗಳ ಮಕ್ಕಳಿಗೆ ಯಾವ ವಾರ್ಡಿನ ಗಡಿಯೂ ಇಲ್ಲವಲ್ಲ.

ಸೀಟು ಸಿಕ್ಕವರ ಪಾಡೂ ಪೂರ್ತಿ ನೆಮ್ಮದಿಯದಲ್ಲ. ಯೂನಿಫಾರ್ಮು, ವ್ಯಾನು, ಪುಸ್ತಕದ ಖರ್ಚು ಮನೆಯವರ ತಲೆಗೇ ಬೀಳುತ್ತದೆ. ಕಾಯ್ದೆ ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಬಂದ ಮಗುವಿನ ಮುಂದೆ ಪೂರ್ತಿ ಫೀಸಿನ ಚೀಟಿ, ಇಲ್ಲವೇ ಟಿ.ಸಿ.

ನಮ್ಮ ಹೈಕೋರ್ಟ್ 2019ರ ಮೇನಲ್ಲಿ ಕರ್ನಾಟಕದ ತಿದ್ದುಪಡಿಯನ್ನು ಒಪ್ಪಿತು. ಇಂಥದ್ದೇ ನಿಯಮ ತಂದ ಮಹಾರಾಷ್ಟ್ರಕ್ಕೆ ಮಾತ್ರ 2024ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅಡ್ಡ ನಿಂತಿತು, ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ಕರ್ನಾಟಕ ಸರ್ಕಾರ ಕೋರ್ಟಿಗಾಗಿ ಕಾಯದೆ ತಾನೇ ಈ ತಿದ್ದುಪಡಿಯನ್ನು ಹಿಂಪಡೆಯಲಿ; ಈಗಾಗಲೇ ಆರ್‌ಟಿಇ ಸೀಟಿನಲ್ಲಿ ಓದುತ್ತಿರುವ ಮಕ್ಕಳಿಗೆ ಎಸ್ಸೆಸ್ಸೆಲ್ಸಿವರೆಗೆ ಶುಲ್ಕ ಕಟ್ಟಲಿ.