ಮೂವತ್ತು ದಾಟಿದವರ ಹೃದಯದ ರಂಧ್ರ ಯಾರ ಲೆಕ್ಕಕ್ಕೆ?

2025ರ ಜೂನ್, ಜುಲೈನಲ್ಲಿ ಹಾಸನದ ಹಠಾತ್ ಸಾವುಗಳ ಸುದ್ದಿ ಪಕ್ಕದ ಚಿಕ್ಕಮಗಳೂರಿನವರನ್ನೂ ದಿಗಿಲುಗೊಳಿಸಿತ್ತು. ಜಯದೇವ ಆಸ್ಪತ್ರೆಯ ಮುಂದೆ ಸಾಲು ಬೆಳೆಯಿತು. ಆದರೆ ಆ ದಿಗಿಲಿಗೆ ಗೊತ್ತಿದ್ದ ಹೃದ್ರೋಗ ಒಂದೇ, ಹೃದಯಾಘಾತ. ಹುಟ್ಟಿನಿಂದಲೇ ಇದ್ದು ನಡುವಯಸ್ಸಿನಲ್ಲಿ ತಲೆಯೆತ್ತುವ ದೋಷದ ಬಗ್ಗೆ ಯಾರೂ ಕೇಳಲಿಲ್ಲ.

ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಹಣ್ಣಿನ ಮೂಟೆ ಹೊತ್ತು ಏರು ಹತ್ತುವ ಹೆಂಗಸು ದಮ್ಮು ಕಟ್ಟುತ್ತದೆ ಎಂದರೆ ಸಿಗುವ ಉತ್ತರಗಳು ಸಿದ್ಧವಾಗಿರುತ್ತವೆ: ರಕ್ತ ಕಮ್ಮಿ, ಉಬ್ಬಸ, ವಯಸ್ಸಾಯಿತು. ಹೆಚ್ಚಿನ ಸಲ ಅದು ನಿಜವೂ ಹೌದು. ಕೆಲವರಲ್ಲಿ ಮಾತ್ರ ಹೃದಯದ ಮೇಲಿನ ಎರಡು ಕೋಣೆಗಳ ನಡುವಣ ಗೋಡೆಯಲ್ಲೇ ರಂಧ್ರವಿರುತ್ತದೆ. ಎಎಸ್‌ಡಿ ಎಂದು ವೈದ್ಯರು ಕರೆಯುವ ಈ ದೋಷ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಇಮ್ಮಡಿ.

ಆ ಗೋಡೆ ಕಟ್ಟಿಕೊಳ್ಳುವ ಬಗೆಯೇ ವಿಚಿತ್ರ. ಗರ್ಭದ ನಾಲ್ಕನೇ ವಾರದ ಹೊತ್ತಿಗೆ ಮೇಲೆ ಇರುವುದು ಒಂದೇ ಕೋಣೆ. ಅದರ ಚಾವಣಿಯಿಂದ ತೆಳುವಾದ ಪರದೆಯೊಂದು ಇಳಿಯತೊಡಗುತ್ತದೆ. ಅದು ತಳ ಮುಟ್ಟುವ ಮೊದಲೇ ಮೇಲ್ತುದಿಯ ಜೀವಕೋಶಗಳು ತಾವಾಗಿ ಅಳಿದು ಅಲ್ಲೊಂದು ಕಿಂಡಿ ತೆರೆಯುತ್ತದೆ. ಅದು ದೋಷವಲ್ಲ, ಅಗತ್ಯ. ಮಾಸಿನಿಂದ ಬರುವ ಆಮ್ಲಜನಕಭರಿತ ರಕ್ತ, ಇನ್ನೂ ಉಸಿರಾಡದ ಶ್ವಾಸಕೋಶವನ್ನು ಬದಿಗಿಟ್ಟು ಬಲದಿಂದ ಎಡಕ್ಕೆ ದಾಟಲೇಬೇಕು. ಬಳಿಕ ಬಲಮಗ್ಗುಲಲ್ಲಿ ದಪ್ಪನೆಯ ಎರಡನೇ ಗೋಡೆ ಮಡಿಕೆಯಾಗಿ ಇಳಿಯುತ್ತದೆ. ಅದೂ ಪೂರ್ತಿ ಮುಚ್ಚದೆ ಅಂಡಾಕಾರದ ಬಾಯಿ ಬಿಡುತ್ತದೆ. ಮೊದಲ ಪರದೆ ಆ ಬಾಯಿಗೆ ಒಂದೇ ದಿಕ್ಕಿಗೆ ತೆರೆಯುವ ಕದ. ಮಗು ಉಸಿರಾಡತೊಡಗಿದಾಗ ಶ್ವಾಸಕೋಶದಿಂದ ರಕ್ತ ಎಡಕೋಣೆಗೆ ನುಗ್ಗಿ, ಒತ್ತಡ ಏರಿ, ಕದ ಮುಚ್ಚುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಅದು ಅಂಟಿಕೊಳ್ಳದೆ ಉಳಿದರೂ ಬಹುತೇಕರಿಗೆ ತೊಂದರೆಯಿಲ್ಲ. ಮೊದಲ ಪರದೆ ಅತಿಯಾಗಿ ಕರಗಿದರೆ ಅಥವಾ ಎರಡನೆಯದು ಸಾಲದೆ ಹೋದರೆ ಮಾತ್ರ ನಿಜವಾದ ರಂಧ್ರ. ಎಎಸ್‌ಡಿಗಳಲ್ಲಿ ಹೆಚ್ಚಿನವು ಈ ಬಗೆಯವೇ.

ಹುಟ್ಟಿನ ದೋಷ ನಲವತ್ತಕ್ಕೆ ಏಕೆ ಕಾಡಬೇಕು? ಎಡದಿಂದ ಬಲಕ್ಕೆ ಸೋರುವ ರಕ್ತವನ್ನು ಹೃದಯದ ಬಲಭಾಗ ವರ್ಷಗಟ್ಟಲೆ ಹಿಗ್ಗಿ ತಾಳಿಕೊಳ್ಳುತ್ತದೆ. ವಯಸ್ಸಿನೊಂದಿಗೆ, ಬಿಪಿಯೊಂದಿಗೆ ಎಡಭಾಗ ಬಿರುಸಾದಂತೆ ಸೋರಿಕೆ ಹೆಚ್ಚುತ್ತದೆ. ಆಗ ಏದುಸಿರು, ಲಯ ತಪ್ಪಿದ ಬಡಿತ, ಕಾಲು ಊತ. ಕೆಲವರಲ್ಲಿ ಶ್ವಾಸಕೋಶದ ರಕ್ತನಾಳಗಳೇ ಗಡುಸಾಗಿ ಹರಿವು ತಿರುಗುಮುರುಗಾಗುತ್ತದೆ. ಆ ಹಂತ ತಲುಪಿದ ಮೇಲೆ ರಂಧ್ರ ಮುಚ್ಚಿದರೆ ಅಪಾಯವೇ ಹೆಚ್ಚು.

ಸರ್ಕಾರದ ಬಲೆಗಳು ಇವರನ್ನು ಹಿಡಿಯುವುದಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹದಿನೆಂಟಕ್ಕೆ ಕೈಬಿಡುತ್ತದೆ. 2023ರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಕಣ್ಣು ಹೃದಯಾಘಾತದ ಮೇಲೆ. ನನ್ನ ತಕರಾರು ಇಲ್ಲೇ. ಆ ಯೋಜನೆಯಡಿ ತೆಗೆಯುವ ಇಸಿಜಿ ಹಾಳೆಯಲ್ಲೇ ಬಲ ಕವಲಿನ ವಿದ್ಯುತ್ ಸಂಚಾರದ ತಡೆ ಕಂಡರೆ ಎಎಸ್‌ಡಿಯ ಸುಳಿವಿರಬಹುದು. ಹೃದಯಾಘಾತವಲ್ಲ ಎಂದು ಮಡಚಿಟ್ಟರೆ ಸುಳಿವೂ ಮಡಚಿಹೋಗುತ್ತದೆ. ಉಸಿರೆಳೆದರೂ ಬಿಟ್ಟರೂ ಎರಡನೇ ಹೃದಯಶಬ್ದ ಒಡೆದೇ ಕೇಳಿಸಿದರೆ ಸ್ಟೆತಸ್ಕೋಪೇ ಹೇಳಿಬಿಡುತ್ತದೆ. ಕೇಳುವ ವ್ಯವಧಾನ ಬೇಕಷ್ಟೆ. ಗರ್ಭಿಣಿಯರ ತಪಾಸಣೆಯಂತೂ ಕೈಗೆ ಬಂದ ಅವಕಾಶ, ಏಕೆಂದರೆ ಆಗ ದೇಹದ ರಕ್ತದ ಪ್ರಮಾಣ ಶೇ 40ರಿಂದ 50ರಷ್ಟು ಏರಿ ದೋಷ ಹೊರಬೀಳುವುದುಂಟು.

ಚಿಕಿತ್ಸೆ ಹೊಸದೇನಲ್ಲ. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರ ಬಳಸಿ ಮೊದಲ ಬಾರಿ ಯಶಸ್ವಿಯಾಗಿ ಸರಿಪಡಿಸಿದ್ದು ಹದಿನೆಂಟರ ಯುವತಿಯ ಇಂಥದೇ ರಂಧ್ರವನ್ನು. ಈಗ ಅಂಚು ಸಾಕಷ್ಟಿದ್ದರೆ ತೊಡೆಸಂದಿನ ರಕ್ತನಾಳದ ಮೂಲಕ ಸಾಧನ ತೂರಿಸಿ, ಎದೆ ಸೀಳದೆ ಮುಚ್ಚುತ್ತಾರೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷೆಯಿದೆ. ಕಷ್ಟವಿರುವುದು ಪತ್ತೆಯಲ್ಲಿ. ಕಳಸದವರು ಕುದುರೆಮುಖ, ಕಾರ್ಕಳ ದಾಟಿ ಮಣಿಪಾಲಕ್ಕೆ, ಮೂಡಿಗೆರೆಯವರು ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗಿಬರುವುದೆಂದರೆ ದಿನದ ಕೂಲಿ ಹೋದಂತೆ. ಕಿಲೋ ಲೆಕ್ಕದಲ್ಲಿ ಕೂಲಿ ಸಿಗುವ ಕೊಯ್ಲಿನ ಕಾಲದಲ್ಲಿ ಯಾರು ಹೊರಡುತ್ತಾರೆ?

ಆದ್ದರಿಂದ ರಂಧ್ರವನ್ನು ಖಚಿತಪಡಿಸುವ ಎಕೋ ಯಂತ್ರವೇ ಘಟ್ಟ ಹತ್ತಬೇಕು. ಜಿಲ್ಲೆಯಲ್ಲೇ ವೈದ್ಯಕೀಯ ಕಾಲೇಜಿದೆ; ಮೂಡಿಗೆರೆ ಮತ್ತು ಕಳಸದಲ್ಲಿ ಗೊತ್ತುಪಡಿಸಿದ ದಿನ ತಜ್ಞರು ಕೂರುವಂತೆ ಮಾಡುವುದು ಅಸಾಧ್ಯವಲ್ಲ. ತೋಟದ ಮಾಲೀಕರು ಅಂದು ಕೂಲಿ ಕಡಿಯದೆ ವಾಹನ ಕೊಡಲಿ; ಕಾರ್ಮಿಕರ ಆರೋಗ್ಯ ತೋಟದ ಹೊಣೆಯೆಂದು 1951ರ ಪ್ಲಾಂಟೇಷನ್ ಕಾಯ್ದೆಯೇ ಹೇಳಿತ್ತು. ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಶುರುವಾಗುತ್ತದೆ. ಮಳೆ ಹಿಡಿತ ಬಿಡುವ ಅಕ್ಟೋಬರ್‌ನಲ್ಲೇ ಮೊದಲ ಶಿಬಿರ ನಡೆಯಲಿ.